ಹೂವಮ್ಮ ಮತ್ತು ಮೂರನೇ ಎಣ್ಣೆ

ಹೂವಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಅವರ ಬಗ್ಗೆ ಬರೆದವನು ಇಡೀ ಹೊಸನಗರ ತಾಲ್ಲೂಕಿನಲ್ಲಿ ನಾನೊಬ್ಬನೇ, ಅದೂ ಎರಡು ಸಲ. ಮೊದಲನೇ ಸಲ ಬರೆದದ್ದು ತಪ್ಪು, ಅದರ ಕೆಳಗೆ ದೊಡ್ಡದಾಗಿ ಸಹಿ ಹಾಕಿದ್ದೆ. ಎರಡನೇ ಸಲ ಬರೆದದ್ದು ಸರಿ, ಅದಕ್ಕೆ ಸಹಿ ಹಾಕುವಷ್ಟು ಎದೆ ನನಗಿರಲಿಲ್ಲ. ಇದು ಮೂರನೆಯದು.

ಹೊಸನಗರದಿಂದ ಹದಿನಾಲ್ಕು ಮೈಲಿ ದೂರ, ಹೊಳೆ ದಾಟಿದರೆ ಸಿಗುವ ಮಾವಿನಹಕ್ಕಲು ಹೂವಮ್ಮನ ಊರು. ತವರು ಸಾಗರದ ಕಡೆ, ಇಕ್ಕೇರಿಗೆ ಹತ್ತಿರ. ಹದಿಮೂರು ವರ್ಷಕ್ಕೆ ಮದುವೆಯಾಗಿ ಬಂದವರು. ಗಂಡ ದುಗ್ಗಪ್ಪ ಗೇಣಿ ಗದ್ದೆ ಮಾಡಿಕೊಂಡಿದ್ದ. ಮಗ ಕನ್ನಪ್ಪ ಇನ್ನೂ ತೊಟ್ಟಿಲಲ್ಲಿರುವಾಗಲೇ ದುಗ್ಗಪ್ಪ ಹಾವು ಕಚ್ಚಿ ತೀರಿಕೊಂಡ. ಗದ್ದೆ ಹೋಯಿತು. ಹೆರಿಗೆ ಮಾಡಿಸುವುದನ್ನು ಅತ್ತೆಯಿಂದ ಕಲಿತಿದ್ದರು, ಅದು ಉಳಿಯಿತು. ನಾನು ನೋಡುವ ಹೊತ್ತಿಗೆ ಅವರಿಗೆ ಐವತ್ತೈದರ ಆಚೀಚೆ. ಕುಳ್ಳಗಿನ ಗಟ್ಟಿ ಹೆಂಗಸು, ಕೈಗಳು ಮಾತ್ರ ಮೈಗೆ ಹೊಂದದಷ್ಟು ಸಣ್ಣವು. ಉಗುರುಗಳನ್ನು ಮೆಟ್ಟಿಲ ಕಲ್ಲಿಗೆ ದಿನಾ ಉಜ್ಜಿ ಸವೆಸಿಕೊಳ್ಳುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಬಿಸಿನೀರು ಮತ್ತು ಅಂಟುವಾಳ ತರಿಸಿ ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಹೋಗುವುದು. ಬಾಯಲ್ಲಿ ಸದಾ ಹೊಗೆಸೊಪ್ಪು, ಅದನ್ನೂ ಹೊರಗೇ ಉಗುಳಿ ಬಾಯಿ ಮುಕ್ಕಳಿಸುತ್ತಿದ್ದರು. ಜಗಲಿಯಲ್ಲಿ ಶತಪಥ ತಿರುಗುವ ಗಂಡಂದಿರಿಗೆ, ‘ನೀ ಇಲ್ಲಿ ತಿರುಗಿದ್ರೆ ಅಲ್ಲಿ ಕೂಸು ತಿರುಗಾದಿಲ್ಲ, ಹೋಗಿ ನೀರು ಕಾಸು’ ಎನ್ನುತ್ತಿದ್ದರಂತೆ. ಹೆರಿಗೆ ಆದ ಮನೆಯವರು ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ ಕೊಡುತ್ತಿದ್ದರು. ಕೂಸು ಉಳಿಯದ ಮನೆಯಲ್ಲಿ ಅವರು ಅದನ್ನೂ ಮುಟ್ಟುತ್ತಿರಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ತಿಳಿದುಕೊಳ್ಳಬೇಕಾಗಿದ್ದ ಹೊತ್ತಿನಲ್ಲಿ ನನಗೆ ಗೊತ್ತಿದ್ದದ್ದು ಅವರ ಹೆಸರು ಮತ್ತು ಒಂದು ಸಂಖ್ಯೆ ಮಾತ್ರ.

ನಾನು ತೀರ್ಥಹಳ್ಳಿಯವನು, ಹೆಸರು ಸುಬ್ಬಕೃಷ್ಣ. ನಮ್ಮದು ಮೂರು ತಲೆಮಾರಿನಿಂದ ಮೇಷ್ಟರ ಮನೆ. ಮೈಸೂರಿಗೆ ಹೋಗಿ ಸಂಖ್ಯಾಶಾಸ್ತ್ರ ಓದಿ, ಬಿ.ಎಸ್ಸಿ. ಮಾಡಿಕೊಂಡು ಬಂದು, 1962ರಲ್ಲಿ ಹೊಸನಗರದ ಒಂದು ಕಚೇರಿಯಲ್ಲಿ ಅಂಕಿಅಂಶದ ಗುಮಾಸ್ತನಾದೆ. ಯಾವ ಕಚೇರಿ ಎಂಬುದು ಬೇಡ, ತಪ್ಪು ಕಚೇರಿಯದಲ್ಲ. ಅಲ್ಲಿದ್ದವರಿಗೆ ಕೂಡುವುದು, ಭಾಗಿಸುವುದು ಬಿಟ್ಟರೆ ಸರಾಸರಿ ಎಂದರೇ ದೊಡ್ಡ ಮಾತು. ನನಗೆ ಸಹಸಂಬಂಧದ ಲೆಕ್ಕ ಬರುತ್ತಿತ್ತು. ಎರಡು ಸಂಗತಿಗಳು ಒಟ್ಟೊಟ್ಟಿಗೆ ಏರುತ್ತವೆಯೇ, ಒಟ್ಟೊಟ್ಟಿಗೆ ಇಳಿಯುತ್ತವೆಯೇ, ಎಷ್ಟು ಬಿಗಿಯಾಗಿ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಲೆಕ್ಕ ಅದು. ಉತ್ತರ ಸೊನ್ನೆ ಬಂದರೆ ಎರಡರ ಏರಿಳಿತಕ್ಕೂ ತಾಳಮೇಳವಿಲ್ಲ. ಒಂದರ ಹತ್ತಿರ ಬಂದರೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಎರಡೂ ಜೊತೆಯಲ್ಲೇ ಹೋಗುತ್ತಿವೆ ಎಂದರ್ಥ. ಕಲಿತ ವಿದ್ಯೆಯನ್ನು ತೋರಿಸಲು ಜಾಗ ಸಿಗದೆ ನನಗೆ ಕೈ ಕಡಿಯುತ್ತಿತ್ತು.

ಜಾಗ ಸಿಕ್ಕಿತು. ಹೊಳೆಯಾಚೆಯ ಎಂಟು ಹಳ್ಳಿಗಳಲ್ಲಿ ಹುಟ್ಟಿದ ವಾರದೊಳಗೇ ಕೂಸುಗಳು ಸಾಯುವುದು ಹೆಚ್ಚು ಎಂದು ಜಿಲ್ಲೆಯಿಂದ ಕಾಗದ ಬಂದಿತ್ತು. ನಮ್ಮ ಮೇಲಧಿಕಾರಿ ಗಜಾನನ ರಾಯರು ಅದನ್ನು ನನ್ನ ಮೇಜಿನ ಮೇಲೆ ಹಾಕಿ, ಕಾರಣ ಏನು ನೋಡಿ ಎಂದರು. ನಾನು ಒಂದು ಹೊಸ ರಿಜಿಸ್ಟರು ಮಾಡಿದೆ. ಹುಟ್ಟಿದ ದಿನ, ತಾಯಿಯ ಹೆಸರು, ಕೂಸು ಉಳಿಯಿತೇ ಇಲ್ಲವೇ, ಇವುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ನನ್ನದೇ ತಲೆಯಿಂದ ಒಂದು ಕಾಲಂ ಸೇರಿಸಿದೆ: ‘ಹೆರಿಗೆ ಮಾಡಿಸಿದವರು’. ಹಳ್ಳಿಗಳ ಶಾಲಾ ಮೇಷ್ಟರು ಅದನ್ನು ತುಂಬಿ ಕಳಿಸುತ್ತಿದ್ದರು. ಹೆಚ್ಚಿನ ಕಡೆ ‘ಮನೆಯವರು’ ಎಂದು ಇರುತ್ತಿತ್ತು. ಆ ವರ್ಷದ ಮೂವತ್ತೊಂದು ಹೆರಿಗೆಗಳ ಮುಂದೆ ಮಾತ್ರ ಒಂದೇ ಹೆಸರು: ಹೂವಮ್ಮ.

1963ರ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ, ಎಲ್ಲರೂ ಮನೆಗೆ ಹೋದ ಮೇಲೆ, ಕಚೇರಿಯಲ್ಲಿ ಒಬ್ಬನೇ ಕೂತು ಲೆಕ್ಕ ಮಾಡಿದೆ. ಒಂದು ಸಾಲಿನಲ್ಲಿ ಎಂಟು ಹಳ್ಳಿಗಳಲ್ಲಿ ಹೂವಮ್ಮ ಮಾಡಿಸಿದ ಹೆರಿಗೆಗಳು, ಇನ್ನೊಂದು ಸಾಲಿನಲ್ಲಿ ಅದೇ ಎಂಟು ಹಳ್ಳಿಗಳಲ್ಲಿ ತೀರಿಕೊಂಡ ಕೂಸುಗಳು. ಹಳ್ಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು. ಹೂವಮ್ಮ ಒಂದೇ ಒಂದು ಸಲ ಹೋದ ಹಳ್ಳಿಯಲ್ಲಿ ಸಾವೇ ಇಲ್ಲ. ಒಂಬತ್ತು ಸಲ ಹೋದ ಹಳ್ಳಿಯಲ್ಲಿ ನಾಲ್ಕು. ಗುಣಿಸಿದೆ, ವರ್ಗ ಮಾಡಿದೆ, ಕೂಡಿದೆ, ಕಳೆದೆ. ಮೇಲೆ ಇನ್ನೂರೈದು ಬಂತು. ಕೆಳಗೆ ನಲವತ್ತೊಂಬತ್ತು ಸಾವಿರದ ಮುನ್ನೂರೈದರ ವರ್ಗಮೂಲ, ಅಂದರೆ ಇನ್ನೂರ ಇಪ್ಪತ್ತೆರಡು. ಭಾಗಿಸಿದರೆ ಸೊನ್ನೆ ಪಾಯಿಂಟ್ ಒಂಬತ್ತು ಎರಡು. ಪರೀಕ್ಷೆಯ ಪುಸ್ತಕಗಳಲ್ಲಿ ಕೂಡ ಅಷ್ಟು ದೊಡ್ಡ ಸಂಖ್ಯೆಯನ್ನು ನಾನು ಕಂಡಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಆಗ ಆದದ್ದು ಸಂತೋಷ. ಹದಿಮೂರು ಕೂಸುಗಳ ಸಾವನ್ನು ಮುಂದಿಟ್ಟುಕೊಂಡು ನಾನು ಬೀಗಿದೆ.

ಮನೆಗೆ ಹೋದವನೇ ಹೆಂಡತಿ ಜಲಜಾಕ್ಷಿಗೆ ವಿವರಿಸಿದೆ. ಅವಳು ಹಲಸಿನಕಾಯಿ ಹೆಚ್ಚುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ‘ಆ ಹೆಂಗಸನ್ನ ಒಂದ್ಸಲ ಕೇಳಿದ್ರಾ?’ ಎಂದಳು.

‘ಕೇಳೋದೆಂಥದು, ಲೆಕ್ಕನೇ ಹೇಳ್ತಿದೆಯಲ್ಲ’ ಎಂದೆ.

ಆ ಮಾತನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹೊಳೆ ದಾಟಿದರೆ ಸಿಗುತ್ತಿದ್ದ ಒಬ್ಬ ಹೆಂಗಸನ್ನು ಕೇಳುವ ಬದಲು ನಾನು ವರ್ಗಮೂಲವನ್ನು ಕೇಳಿದೆ.

ಗಜಾನನ ರಾಯರು ನನ್ನ ಹಾಳೆಯನ್ನು ಮೂರು ಸಲ ತಿರುಗಿಸಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲ, ಆದರೆ ಹಾಗೆಂದು ಒಪ್ಪಿಕೊಳ್ಳುವ ಜನವಲ್ಲ. ಜಿಲ್ಲೆಗೆ ಒಂದು ಪ್ರತಿ ಹೋಯಿತು. ಹಳ್ಳಿಗಳಿಗೆ ಒಂದು ಪ್ರಕಟಣೆ ಬರೆಯಲು ನನಗೇ ಹೇಳಿದರು. ‘ಮಾವಿನಹಕ್ಕಲಿನ ಹೂವಮ್ಮ ಎಂಬ ಸೂಲಗಿತ್ತಿಯು ಮಾಡಿಸುವ ಹೆರಿಗೆಗಳಿಗೂ ಶಿಶುಮರಣಕ್ಕೂ ನಿಕಟ ಸಂಬಂಧವಿರುವುದು ಲೆಕ್ಕದಿಂದ ರುಜುವಾತಾಗಿರುವುದರಿಂದ, ಸಾರ್ವಜನಿಕರು ಸದರಿಯವಳನ್ನು ಕರೆಯದೆ ಬಸುರಿಯರನ್ನು ಹೊಸನಗರದ ಆಸ್ಪತ್ರೆಗೆ ಕರೆತರತಕ್ಕದ್ದು’ ಎಂದು ಬರೆದೆ. ರಾಯರು ಓದಿ, ‘ಲೆಕ್ಕ ನಿಮ್ದು, ಸಹಿನೂ ನಿಮ್ದೇ ಇರ್ಲಿ’ ಎಂದರು. ಅವರು ಜಾಣರು. ನಾನು ಎಂಟು ಪ್ರತಿಗಳಿಗೂ ಸುಬ್ಬಕೃಷ್ಣ, ಬಿ.ಎಸ್ಸಿ. ಎಂದು ಬಾಲ ಎಳೆದು ಸಹಿ ಹಾಕಿದೆ. ಜವಾನನ ಜೊತೆ ದೋಣಿಯಲ್ಲಿ ಹೋಗಿ ನಾನೇ ಮುಂದೆ ನಿಂತು ಚಾವಡಿಗಳಿಗೆ ಅಂಟಿಸಿದೆ. ದಾರಿಯುದ್ದಕ್ಕೂ ಜವಾನ ‘ಸುಬ್ಬಕೃಷ್ಣಯ್ಯ, ಸುಬ್ಬಕೃಷ್ಣಯ್ಯ’ ಎಂದು ಮಾತಾಡಿಸುತ್ತಿದ್ದ. ಹುಟ್ಟು ಹಾಕುತ್ತಿದ್ದ ದೋಣಿಯವನು ನಮ್ಮ ಕಡೆ ತಿರುಗಿ ನೋಡಿದ ನೆನಪು. ಅವನು ಹೂವಮ್ಮನ ಮಗ ಕನ್ನಪ್ಪ ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ವರ್ಷ ಕಳೆಯಿತು. 1964ರ ಜನವರಿಯಲ್ಲಿ ಹಿಂದಿನ ವರ್ಷದ ರಿಜಿಸ್ಟರು ಕೂಡಲು ಕೂತೆ. ಹೂವಮ್ಮನ ಹೆಸರು ಮೂವತ್ತೊಂದರಿಂದ ಆರಕ್ಕೆ ಇಳಿದಿತ್ತು. ನನ್ನ ಪ್ರಕಟಣೆ ಕೆಲಸ ಮಾಡಿದೆ ಎಂದು ಮೀಸೆ ತಿರುವಿಕೊಂಡೆ. ಆ ಆರರಲ್ಲಿ ನಾಲ್ಕು ಕೂಸುಗಳು ಉಳಿದಿರಲಿಲ್ಲ. ನೋಡಿ, ಹೇಳಿದ್ದೆನಲ್ಲ ಎಂದುಕೊಂಡೆ. ಆಮೇಲೆ ಎಂಟು ಹಳ್ಳಿಗಳ ಒಟ್ಟು ಸಾವುಗಳನ್ನು ಕೂಡಿದೆ. ಹಿಂದಿನ ವರ್ಷ ಹದಿಮೂರು. ಈ ವರ್ಷ ಹತ್ತೊಂಬತ್ತು.

ಕೂಡಿದ್ದರಲ್ಲೇ ಏನೋ ಎಡವಟ್ಟು ಎಂದು ಮತ್ತೆ ಕೂಡಿದೆ. ಹತ್ತೊಂಬತ್ತೇ. ಜೋಡೆತ್ತುಗಳಲ್ಲಿ ಒಂದನ್ನು ನಾನು ಬಿಚ್ಚಿ ಅಟ್ಟಿದ್ದೆ. ಇನ್ನೊಂದು ನಿಲ್ಲಬೇಕಿತ್ತು, ಅದು ಮೊದಲಿಗಿಂತ ಜೋರಾಗಿ ಓಡಿತ್ತು. ಹೂವಮ್ಮನ ಹೆಸರಿದ್ದ ಆರು ನಮೂದುಗಳಲ್ಲಿ ಒಂದನ್ನಾದರೂ ಸ್ಥಳಕ್ಕೇ ಹೋಗಿ ನೋಡುವುದೆಂದು ಹೊರಟೆ. ಆಯ್ದುಕೊಂಡದ್ದು ಕಾರೇಹೊಂಡದ ಪುಟ್ಟಪ್ಪನ ಮನೆ. ಆಗಸ್ಟ್ ತಿಂಗಳು, ತಾಯಿಯ ಹೆಸರು ಕೆರಿಯಮ್ಮ, ಹೆರಿಗೆ ಮಾಡಿಸಿದವರು ಹೂವಮ್ಮ, ಕೂಸು ಮರಣ.

ಪುಟ್ಟಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಓದು ಬರಹ ಬಲ್ಲವನೆಂದು ಊರಿನಲ್ಲಿ ಹೆಸರು. ನನ್ನನ್ನು ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದ. ಕೆರಿಯಮ್ಮ ಅವನ ಸೊಸೆ. ಬಾಗಿಲ ಸಂದಿಯಲ್ಲಿ ಅವಳ ಸೆರಗು ಮಾತ್ರ ಕಂಡಿತು. ಮಾತಾಡಿದ್ದು ಪುಟ್ಟಪ್ಪನ ಹೆಂಡತಿ ವಿಶಾಲಮ್ಮ.

‘ಹೂವಮ್ಮನನ್ನ ಯಾವಾಗ ಕರೆಸಿದ್ರಿ?’ ಎಂದು ಕೇಳಿದೆ.

‘ಕರ್ಸಿಲ್ಲ ರಾಯ್ರೆ. ಅದೇ ತಪ್ಪಾಯ್ತು’ ಎಂದರು ವಿಶಾಲಮ್ಮ. ‘ನೋವು ಶುರುವಾದ ಕೂಡ್ಲೆ ದೇವರ ಗೂಡಲ್ಲಿ ದೀಪ ಹಚ್ತೀವಿ. ಅದು ಆರಂಗಿಲ್ಲ, ಎಣ್ಣೆ ಮುಗೀತಾ ಬಂದಂಗೆ ಹಾಕ್ತಾ ಇರದು. ಮೂರ್ನೇ ಸಲ ಎಣ್ಣೆ ಹಾಕಿದ್ರೂ ಕೂಸು ಬರ್ಲಿಲ್ಲ ಅಂದ್ರೆ ಆವಾಗ ಹೂವಮ್ಮಂಗೆ ಹೇಳಿಕಳ್ಸದು. ನಮ್ ಕಡೆ ಹಂಗೇಯ.’

‘ಮೂರನೇ ಎಣ್ಣೆವರೆಗೆ ಯಾಕೆ ಕಾಯೋದು? ಮೊದಲೇ ಕರೆಯೋದಿಲ್ವಾ?’

ವಿಶಾಲಮ್ಮ ನನ್ನನ್ನು ಏನೂ ತಿಳಿಯದವನನ್ನು ನೋಡಿದ ಹಾಗೆ ನೋಡಿದರು. ‘ಮೊದ್ಲೇ ಕರ್ದ್ರೆ ಕಷ್ಟನ ನಾವೇ ಮನೆಗೆ ಕರ್ದಂಗೆ ಆಗ್ತದಲ್ಲ. ಸುಸೂತ್ರ ಆಗೋದಕ್ಕೆ ಮನೆ ಹೆಂಗಸ್ರೇ ಸಾಕು. ಹೂವಮ್ಮ ಬರಾದು ನಮ್ ಕೈ ಮೀರಿದ್ ಮೇಲೆ.’

ನನ್ನ ಮಡಿಲಲ್ಲಿ ರಿಜಿಸ್ಟರು ತೆರೆದಿತ್ತು. ‘ಮನೆಯವರು’, ‘ಮನೆಯವರು’, ‘ಮನೆಯವರು’ ಎಂಬ ಸಾಲುಗಳನ್ನು ನೋಡಿದೆ. ಅವುಗಳಲ್ಲಿ ಹೆಚ್ಚಿನವು ಎರಡನೇ ಎಣ್ಣೆಯೊಳಗೆ ಮುಗಿದ ಹೆರಿಗೆಗಳು. ತಾನಾಗಿ ಆಗುವುದೆಲ್ಲ ಆ ಕಾಲಂಗೆ ಹೋಗಿತ್ತು. ಹೊಳೆಯಾಚೆಯ ಕೆಲವು ಹಳ್ಳಿಗಳಲ್ಲಿ ಚಳಿಜ್ವರ ಹೆಚ್ಚು, ಹೆಂಗಸರಲ್ಲಿ ರಕ್ತವಿಲ್ಲ, ಅಲ್ಲಿ ಕಷ್ಟದ ಹೆರಿಗೆಗಳೂ ಹೆಚ್ಚು. ಕಷ್ಟ ಹೆಚ್ಚಿದ್ದ ಕಡೆ ಸಾವು ಹೆಚ್ಚು, ಕಷ್ಟ ಹೆಚ್ಚಿದ್ದ ಕಡೆಗೇ ಹೂವಮ್ಮನಿಗೆ ಕರೆಯೂ ಹೆಚ್ಚು. ಕೊಡೆಗಳು ಹೆಚ್ಚು ಕಾಣುವ ದಿನ ಮಳೆಯೂ ಹೆಚ್ಚು ಎಂದು ಬರೆದಿಟ್ಟುಕೊಂಡು, ಮಳೆ ನಿಲ್ಲಲಿ ಎಂದು ಊರಿನ ಕೊಡೆಗಳನ್ನೆಲ್ಲ ಮುರಿಸಿದವನು ನಾನು.

ವಿಶಾಲಮ್ಮ ಇನ್ನೂ ಹೇಳುತ್ತಿದ್ದರು. ‘ಮೂರ್ನೇ ಎಣ್ಣೆ ಹಾಕ್ದಾಗ ನಾ ಹೇಳ್ದೆ, ಕನ್ನಪ್ಪನ ಮನೆಗೆ ಆಳು ಕಳ್ಸಣ ಅಂತ. ಇವ್ರು ಬ್ಯಾಡ ಅಂದ್ರು. ಸರ್ಕಾರದ ಕಾಗ್ದ ಅದೆ, ಆಸ್ಪತ್ರಿಗೆ ಹೋಗಬೇಕು ಅಂದ್ರು. ಹೊಳೆ ತುಂಬಿತ್ತು, ದೋಣಿ ಬಿಡ್ತಿರ್ಲಿಲ್ಲ. ಕಂಬ್ಳಿ ಕಟ್ಟಿ ಹೊತ್ಕಂಡು ಹೊಳೆತನಕ ಹೋಗಿ ವಾಪಸ್ ಬಂದ್ರು. ನಾಲ್ಕನೇದು ಹಾಕ್ದೆ. ಐದ್ನೇದೂ ಹಾಕ್ದೆ. ಆಮೇಲೆ ಯಾರು ಹೇಳಿದ್ರೋ, ಹೂವಮ್ಮ ತಾನಾಗೇ ಬಂತು. ಎದುರು ಬಾಗ್ಲಲ್ಲಿ ಬಂದ್ರೆ ನಮಗೆ ಕೆಟ್ಟ ಹೆಸ್ರು ಬರ್ತದೆ ಅಂತ ಹಿತ್ಲ ಬಾಗ್ಲಲ್ಲಿ ಬಂತು. ಕೂಸು ಹೋಗಿತ್ತು. ಇವಳನ್ನ ಉಳಿಸಿಕೊಡ್ತು.’

ಸತ್ತ ಕೂಸನ್ನು ಹೊರಗೆ ತೆಗೆದು ತಾಯಿಯನ್ನು ಉಳಿಸಿದ ಆ ಹೆಂಗಸಿನ ಹೆಸರಿನ ಮುಂದೆ ಮೇಷ್ಟರು ‘ಮರಣ’ ಎಂದು ಬರೆದಿದ್ದರು, ನಾನು ಅದನ್ನು ಕೂಡಿಕೊಂಡು ‘ಹೇಳಿದ್ದೆನಲ್ಲ’ ಎಂದಿದ್ದೆ. ನನ್ನ ಪ್ರಕಟಣೆ ಕೊಂದ ಕೂಸನ್ನು ನಾನು ಹೂವಮ್ಮನ ಲೆಕ್ಕಕ್ಕೆ ಹಾಕಿದ್ದೆ.

ಪುಟ್ಟಪ್ಪ ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಒಂದು ಕಾಗದ ತಂದ. ಪ್ರಕಟಣೆಯನ್ನು ಅವನು ಚಾವಡಿಯಿಂದ ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದ, ನನ್ನ ಸಹಿಯ ಬಾಲವನ್ನು ಕೂಡ. ಅದನ್ನು ನನ್ನ ಮುಂದೆ ಹಿಡಿದು, ‘ಇದ್ರಲ್ಲಿ ಹೇಳ್ದಂಗೇ ಮಾಡಿದ್ವಿ ರಾಯ್ರೆ. ನಾವೇನಾದ್ರೂ ತಪ್ಪು ತಿಳ್ಕಂಡ್ವಾ?’ ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಐದು ತಿಂಗಳಿನಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಆ ಸುಬ್ಬಕೃಷ್ಣ ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ, ಅವರಿಗೆ ಕಚೇರಿಯಿಂದ ಬಂದವರೆಲ್ಲ ರಾಯರೇ.

‘ಇಲ್ಲ, ನಿಮ್ಮದೇನೂ ತಪ್ಪಿಲ್ಲ’ ಎಂದೆ. ತಪ್ಪು ಯಾರದ್ದು ಎಂದು ಹೇಳಲಿಲ್ಲ. ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ.

ಒಂದು ತಿಂಗಳು ಎಂಟು ಹಳ್ಳಿಗಳನ್ನೂ ಮನೆಮನೆ ಸುತ್ತಿದೆ. ಕೇಳಿದ್ದು ಒಂದೇ ಪ್ರಶ್ನೆ, ಎಷ್ಟನೇ ಎಣ್ಣೆಗೆ ಕೂಸು ಬಂತು ಎಂದು. ಮೊದಲ ವರ್ಷದ ಲೆಕ್ಕವನ್ನು ಹೊಸದಾಗಿ ಮಾಡಿದೆ. ಮೂರನೇ ಎಣ್ಣೆ ದಾಟಿದ ಹೆರಿಗೆಗಳು ಮೂವತ್ತೇಳು. ಅದರಲ್ಲಿ ಮೂವತ್ತೊಂದಕ್ಕೆ ಹೂವಮ್ಮ ಹೋಗಿದ್ದರು, ಏಳು ಕೂಸು ಹೋಗಿದ್ದವು, ಇಪ್ಪತ್ತನಾಲ್ಕು ಉಳಿದಿದ್ದವು. ಬೇರೆ ಬೇರೆ ಕಾರಣಕ್ಕೆ ಹೂವಮ್ಮನನ್ನು ಕರೆಯಲಾಗದೆ ಹೋದದ್ದು ಆರು, ಉಳಿದದ್ದು ಒಂದೇ ಕೂಸು. ಇದಕ್ಕೆ ವರ್ಗಮೂಲ ಬೇಕಾಗಿರಲಿಲ್ಲ. ಬೆರಳಲ್ಲಿ ಎಣಿಸಬಹುದಿತ್ತು. ಸಾವು ಮನೆ ಬಾಗಿಲಿಗೆ ಬಂದ ಮೇಲೆ ಹೂವಮ್ಮನನ್ನು ಕರೆಯುತ್ತಿದ್ದರು, ನಾನು ಹೂವಮ್ಮನ ಹಿಂದೆ ಸಾವು ಬರುತ್ತದೆ ಎಂದು ಬರೆದಿದ್ದೆ.

ಎರಡನೇ ವರ್ಷ ಹೆಚ್ಚಿಗೆ ಸತ್ತ ಆರು ಕೂಸುಗಳಲ್ಲಿ ಎಷ್ಟು ನನ್ನಿಂದ? ಅಷ್ಟು ಖಚಿತವಾಗಿ ಹೇಳಲು ಲೆಕ್ಕಕ್ಕೆ ಬರುವುದಿಲ್ಲ, ಒಂದು ವರ್ಷಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಳಿಕೊಂಡ ಕೂಡಲೇ ಇನ್ನಷ್ಟು ಹೇಸಿಗೆಯಾಯಿತು. ನನ್ನ ಮೇಲೆ ಬರುವಾಗ ನೆನಪಾದ ಈ ಎಚ್ಚರಿಕೆ ಹೂವಮ್ಮನ ಮೇಲೆ ಬರೆಯುವಾಗ ಎಲ್ಲಿ ಹೋಗಿತ್ತು?

ಗಜಾನನ ರಾಯರಿಗೆ ಹೊಸ ಹಾಳೆಗಳನ್ನು ತೋರಿಸಿದೆ. ಅವರು ಬಾಗಿಲು ಹಾಕಿಸಿದರು. ‘ಜಿಲ್ಲೆಗೆ ಹೋದ ಕಾಗದ ವಾಪಸ್ ತಗೊಳ್ಳೋದು ಅಂದ್ರೆ ಏನು ಗೊತ್ತಾ? ವಿವರಣೆ ಕೇಳ್ತಾರೆ. ನಿಮ್ಮ ಪ್ರೊಬೇಷನ್ ಮಾರ್ಚಿಗೆ ಮುಗೀತದೆ. ಮುಗೀಲಿ ಸುಮ್ನಿರಿ’ ಎಂದರು. ನಾನು ಸುಮ್ಮನಿರಲಿಲ್ಲ, ಮಾತಾಡಲೂ ಇಲ್ಲ. ಎರಡರ ನಡುವೆ ಹೇಡಿಗಳಿಗೆ ಎಂದೇ ಒಂದು ದಾರಿ ಇರುತ್ತದಲ್ಲ, ಅದನ್ನು ಹಿಡಿದೆ. ‘ಹೂವಮ್ಮನವರ ಬಗ್ಗೆ ಹಿಂದೆ ಹೊರಡಿಸಿದ ಪ್ರಕಟಣೆಯು ತಪ್ಪು ಲೆಕ್ಕದಿಂದ ಕೂಡಿದ್ದು, ಅದನ್ನು ಯಾರೂ ಗಮನಿಸತಕ್ಕದ್ದಲ್ಲ’ ಎಂದು ಎಂಟು ಪ್ರತಿ ಬರೆದೆ. ಕೆಳಗೆ ಸಹಿ ಹಾಕಲಿಲ್ಲ. ಚಾವಡಿಗಳಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಂಟಿಸಿ, ಕೊನೆಗೆ ಮಾವಿನಹಕ್ಕಲಿಗೆ ಹೋದೆ.

ಹೂವಮ್ಮನನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಅಂಗಳದಲ್ಲಿ ಹುಲ್ಲು ಹಗ್ಗ ಹೊಸೆಯುತ್ತಿದ್ದರು. ಬೇರೆ ಕೆಲಸವಿಲ್ಲದ ಕೈಗಳು. ‘ಬನ್ನಿ ರಾಯ್ರೆ’ ಎಂದು ಬೆಲ್ಲ ನೀರು ತಂದುಕೊಟ್ಟರು. ನಾನು ಅದೇ ಕಾಗದದ ಇನ್ನೊಂದು ಪ್ರತಿಯನ್ನು ಅಲ್ಲೇ ಇದ್ದ ಕನ್ನಪ್ಪನ ಕೈಗೆ ಕೊಟ್ಟೆ. ಅವನು ತಡೆದು ತಡೆದು ಓದಿದ. ಓದಿ ಮುಗಿಸಿ ಹಾಳೆಯನ್ನು ತಿರುಗಿಸಿ ಹಿಂದೆ ಮುಂದೆ ನೋಡಿದ.

‘ಯಾರು ಬರ್ದಿದ್ದು ಇದನ್ನ?’ ಎಂದು ಹೂವಮ್ಮ ಕೇಳಿದರು.

‘ಆಫೀಸಿನವರು’ ಎಂದೆ.

‘ಮೊದ್ಲಿಂದು ಯಾರು ಬರ್ದಿದ್ರು?’

‘ಅದೂ ಆಫೀಸಿನವರೇ.’

ಹೂವಮ್ಮ ಹಗ್ಗವನ್ನು ಪಕ್ಕಕ್ಕಿಟ್ಟರು. ‘ಮೊದ್ಲಿಂದಕ್ಕೆ ಹೆಸ್ರು ಇತ್ತಂತೆ. ಇದಕ್ಕೆ ಇಲ್ಲ. ನನ್ ಮರ್ಯಾದೆ ತೆಗ್ಯಕ್ಕೆ ಒಬ್ರು ಹೆಸ್ರು ಹಾಕಿದ್ರು, ತಿರುಗಿ ಕೊಡಕ್ಕೆ ಯಾರಿಗೂ ಹೆಸ್ರಿಲ್ಲ. ಹೆಸ್ರಿಲ್ದಿದ್ ಕಾಗ್ದ ನೋಡಿ ಯಾರು ನನ್ನ ಕರೀತಾರೆ ರಾಯ್ರೆ?’

ನಾನು ಲೋಟದೊಳಗೆ ನೋಡುತ್ತಿದ್ದೆ.

‘ಇನ್ನೊಂದು ಕೇಳದು ಅದೆ. ಪುಟ್ಟಪ್ಪನ ಮನೆ ಕೂಸು ನನ್ ಹೆಸ್ರಿಗೆ ಬರ್ಕಂಡಿದೀರಂತೆ. ಮೇಷ್ಟ್ರು ಹೇಳಿದ್ರು. ಅದು ನಾ ಹೋಗೋ ಮೊದ್ಲೇ ಹೋಗಿತ್ತು. ಅದು ಯಾರ ಲೆಕ್ಕಕ್ಕೆ?’

‘ಆಫೀಸಿನಲ್ಲಿ ನೋಡ್ತಾರೆ’ ಎಂದೆ. ಉಳಿದ ಬೆಲ್ಲ ನೀರನ್ನು ಗಟಗಟ ಕುಡಿದೆ. ನನ್ನ ಜೀವನದಲ್ಲಿ ಮಾಡಿದ ಕೆಲಸಗಳಲ್ಲಿ ಲೆಕ್ಕ ತಪ್ಪಿದ್ದಕ್ಕಿಂತ ಆ ನೀರು ಕುಡಿದದ್ದಕ್ಕೆ ನನಗೆ ಹೆಚ್ಚು ನಾಚಿಕೆ. ಲೆಕ್ಕ ತಪ್ಪಿದಾಗ ನನಗೆ ತಿಳಿದಿರಲಿಲ್ಲ. ಇಲ್ಲಿ ಎಲ್ಲ ತಿಳಿದಿತ್ತು.

ಮಾರ್ಚಿ ಕೊನೆಗೆ ನನ್ನ ಪ್ರೊಬೇಷನ್ ಮುಗಿದು ನೌಕರಿ ಖಾಯಂ ಆಯಿತು. ಕಚೇರಿಯಲ್ಲಿ ಸಿಹಿ ಹಂಚಿದರು. ಅದೇ ವಾರ ಹೊಳೆಯಾಚೆಯ ಮೇಷ್ಟರೊಬ್ಬರ ಕಾಗದ ಬಂತು. ಪ್ರಕಟಣೆ ಅಂಟಿಸಿ ತಿಂಗಳಾದರೂ ಯಾವ ಊರಿನವರೂ ಹೂವಮ್ಮನನ್ನು ಕರೆದಿಲ್ಲ, ಇದು ಅವಳ ಮಗನೇ ಬರೆಸಿ ಅಂಟಿಸಿದ ಕಾಗದ ಎಂದು ಜನ ಆಡಿಕೊಳ್ಳುತ್ತಿದ್ದಾರೆ ಎಂದು ಬರೆದಿದ್ದರು. ಜಲಜಾಕ್ಷಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ‘ಈಗ್ಲಾದ್ರೂ ಹೋಗಿ ಹೇಳಿ ಬನ್ನಿ. ಹೇಳದೆ ಇಲ್ಲಿ ಊಟಕ್ಕೆ ಕೂತ್ರೆ ನಂಗೂ ಬಡಿಸೋಕೆ ಆಗಲ್ಲ’ ಎಂದಳು.

ಏಪ್ರಿಲಿನಲ್ಲಿ ನಾಲ್ಕು ದಿನ ರಜೆ ಹಾಕಿ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಕನ್ನಪ್ಪ ಹೊಳೆ ದಾಟಿಸಿದ. ಎಂಟು ಊರುಗಳಲ್ಲೂ ಜನ ಸೇರಿಸಿ, ನಾನೇ ಸುಬ್ಬಕೃಷ್ಣ, ಮೊದಲಿನ ಕಾಗದ ಬರೆದವನು ನಾನು, ಅದು ತಪ್ಪು ಎಂದು ಹೇಳಿ, ಸಹಿಯಿಲ್ಲದಿದ್ದ ಆ ಎರಡನೇ ಕಾಗದಕ್ಕೆ ಅವರೆದುರಿಗೇ ಸಹಿ ಹಾಕಿದೆ. ಒಂದು ಊರಿನಲ್ಲಿ ನಕ್ಕರು. ಇನ್ನೊಂದರಲ್ಲಿ ಒಬ್ಬ ಮುದುಕ ಎದ್ದು ಬೆನ್ನು ಹಾಕಿ ಹೋದ. ಕಾರೇಹೊಂಡದಲ್ಲಿ ಪುಟ್ಟಪ್ಪ ಪೂರ್ತಿ ಕೇಳಿ, ತನ್ನಲ್ಲಿದ್ದ ನಕಲನ್ನು ತಂದು ನನ್ನ ಕೈಗೆ ಕೊಟ್ಟು ಒಳಗೆ ಹೋದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೂವಮ್ಮನ ಅಂಗಳದಲ್ಲಿ ನಿಂತು, ‘ಹೂವಮ್ಮ, ಅವತ್ತು ಸುಳ್ಳು ಹೇಳಿದೆ. ಎರಡೂ ಕಾಗದ ಬರೆದವನು ನಾನು’ ಎಂದೆ.

‘ಗೊತ್ತಿತ್ತು ರಾಯ್ರೆ’ ಎಂದರು. ‘ದೋಣಿಲಿ ಜವಾನ ನಿಮ್ಮ ಹೆಸ್ರು ಕರ್ದಿದ್ನ ನನ್ ಮಗ ಕೇಳಿದ್ದ. ನೀವಾಗೇ ಹೇಳ್ತೀರೇನೋ ಅಂತ ಅವತ್ತು ಕಾದೆ. ನೀರು ಕುಡ್ದು ಎದ್ದು ಹೋದ್ರಿ.’

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮಿಸಿ ಎನ್ನಲು ಹೋದೆ. ಅವರು ಕೈ ಅಡ್ಡ ಹಿಡಿದು, ‘ಅದಿರ್ಲಿ. ಕೂಸು ಯಾರ ಲೆಕ್ಕಕ್ಕೆ, ಅದು ಹೇಳಿ’ ಎಂದರು.

ಮೆಟ್ಟಿಲ ಮೇಲೆ ಕೂತು ರಿಜಿಸ್ಟರು ತೆರೆದೆ. ಆಗಸ್ಟ್ ತಿಂಗಳ ಪುಟದಲ್ಲಿ ಕೆರಿಯಮ್ಮನ ಸಾಲು ಹುಡುಕಿ, ‘ಹೆರಿಗೆ ಮಾಡಿಸಿದವರು’ ಎಂಬಲ್ಲಿದ್ದ ಹೂವಮ್ಮನ ಹೆಸರನ್ನು ಹೊಡೆದುಹಾಕಿ ಅದರ ಮೇಲೆ ನನ್ನ ಹೆಸರು ಬರೆದೆ. ಹೂವಮ್ಮ ಮಗನಿಗೆ ಓದಲು ಹೇಳಿದರು. ‘ಸುಬ್ಬಕೃಷ್ಣ ಅಂತ ಬರ್ದಾರೆ, ಮುಂದೆ ಮರಣ ಅಂತ ಅದೆ’ ಎಂದ ಕನ್ನಪ್ಪ. ಅವರು ತಲೆಯಾಡಿಸಿದರು. ‘ಸರಿ, ಹೋಗಿ ಬನ್ನಿ’ ಎಂದು ಹಗ್ಗ ಕೈಗೆ ತೆಗೆದುಕೊಂಡರು. ಅವತ್ತು ಬೆಲ್ಲ ನೀರು ಕೊಡಲಿಲ್ಲ.

ಎಂಟು ಊರುಗಳಲ್ಲಿ ಐದು ಹೂವಮ್ಮನನ್ನು ಮತ್ತೆ ಕರೆದವು. ಮೂರು ಕೊನೆಯವರೆಗೂ ಕರೆಯಲಿಲ್ಲ. ಕೆಟ್ಟ ಮಾತು ನಂಬಿದಷ್ಟು ಬೇಗ ಜನ ತಿದ್ದುಪಡಿ ನಂಬುವುದಿಲ್ಲ. 1965ರಲ್ಲಿ ಕೆರಿಯಮ್ಮನಿಗೆ ಮತ್ತೆ ಹೆರಿಗೆ ನೋವು ಬಂದಾಗ ವಿಶಾಲಮ್ಮ ಶಾಸ್ತ್ರ ಮೀರಿ, ದೀಪ ಹಚ್ಚಿದ ಕೂಡಲೇ ಆಳು ಕಳಿಸಿದರಂತೆ. ಹೂವಮ್ಮ ಈ ಸಲ ಎದುರು ಬಾಗಿಲಲ್ಲಿ ಹೋದರು. ಹೆಣ್ಣು ಕೂಸು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ಮೇಷ್ಟರು ಬರೆದಿದ್ದರು. ಆ ಹೊತ್ತಿಗೆ ನನಗೆ ಸಾಗರಕ್ಕೆ ವರ್ಗವಾಗಿತ್ತು.

1969ರಲ್ಲಿ ತಿರುಗಿ ಹೊಸನಗರಕ್ಕೇ ಬಂದೆ. ಒಂದು ದಿನ ದಫ್ತರದ ಕೋಣೆಯಲ್ಲಿ ಬೇರೇನೋ ಹುಡುಕುವಾಗ ಆ ರಿಜಿಸ್ಟರು ಸಿಕ್ಕಿತು. ಅದೇ ಪುಟ ತೆರೆದೆ. ನನ್ನ ನಂತರ ಬಂದ ಯಾವನೋ ಗುಮಾಸ್ತ, ಕಚೇರಿಯವನ ಹೆಸರು ಈ ಕಾಲಂನಲ್ಲಿ ಯಾಕೆ ಬಂತೆಂದು ತಿಳಿಯದೆ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಕಣ್ತಪ್ಪು, ತಿದ್ದಬೇಕು’ ಎಂದು ಬರೆದಿದ್ದ. ನಾನು ಮೇಜಿನ ಮೇಲಿದ್ದ ಶಾಯಿ ತಂದು ಅದರ ಕೆಳಗೆ ‘ಕಣ್ತಪ್ಪಲ್ಲ, ತಿದ್ದಕೂಡದು’ ಎಂದು ಬರೆದು ಸಹಿ ಹಾಕಿದೆ.